ನಲ್ಲಿಯಲ್ಲಿ ಬಿಸಿನೀರು, ರೇಡಿಯೇಟರ್ ತಣ್ಣಗೆ: ಮೂರು ಬಾಯಿಯ ವಾಲ್ವ್ ಒಂದರ ದುರಸ್ತಿ

ಇಂಗ್ಲೆಂಡಿನ ಲೀಡ್ಸ್ ನಗರದ ಅಂಚಿನಲ್ಲಿರುವ ನಮ್ಮ ಮನೆಯಲ್ಲಿ ಜನವರಿಯ ಎರಡನೆಯ ವಾರದ ಒಂದು ಬೆಳಿಗ್ಗೆ ನಡುಮನೆಯ ಉಷ್ಣಮಾಪಕ 13 ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು. ಹೊರಗೆ ಸೊನ್ನೆಗಿಂತ 3 ಡಿಗ್ರಿ ಕೆಳಗಿತ್ತು. ಬಿಸಿನೀರು ಹರಿದು ಕೋಣೆಗಳನ್ನು ಬೆಚ್ಚಗಿಡುವ ಒಂಬತ್ತು ರೇಡಿಯೇಟರ್‌ಗಳಲ್ಲಿ ಒಂದೂ ಬೆಚ್ಚಗಿರಲಿಲ್ಲ. ಆದರೆ ಬಚ್ಚಲಿನ ನಲ್ಲಿ ತಿರುಗಿಸಿದರೆ ಹಬೆಯಾಡುವ ನೀರು ಎಂದಿನಂತೆ ಬರುತ್ತಿತ್ತು. ಮನೆಯಲ್ಲಿ ಐದು ವಾರದ ಮಗುವಿತ್ತು. ಮಗು ಮಲಗುವ ಕೋಣೆ 16ರಿಂದ 20 ಡಿಗ್ರಿಯೊಳಗೆ ಇರಬೇಕೆಂದು ಇಲ್ಲಿನ ಆರೋಗ್ಯ ಸೇವೆಯವರು ಹೇಳುತ್ತಾರೆ. ಬಾಯ್ಲರ್ ನೋಡಿಕೊಳ್ಳುವವರಿಗೆ ಫೋನ್ ಮಾಡಿದಾಗ, ಚಳಿಯ ವಾರವಾದ್ದರಿಂದ ನಾಲ್ಕು ದಿನ ಕಾಯಬೇಕಾಗುತ್ತದೆ ಎಂಬ ಉತ್ತರ ಬಂತು. ಮಗುವಿನ ಕೋಣೆಗೆ ಎಣ್ಣೆ ತುಂಬಿದ ವಿದ್ಯುತ್ ಹೀಟರ್ ಒಂದನ್ನು ಇಟ್ಟು, ಬಾಯ್ಲರಿನ ಮುಚ್ಚಳ ತೆಗೆಯದೆ ಹೊರಗಿನಿಂದ ಎಷ್ಟು ದೂರ ಪತ್ತೆ ಹಚ್ಚಬಹುದೋ ಅಷ್ಟನ್ನು ನಾನೇ ಹಚ್ಚುವುದೆಂದು ನಿರ್ಧರಿಸಿದೆ. ಕಾರ್ಖಾನೆಗಳ ವಿದ್ಯುತ್ ನಿಯಂತ್ರಣ ಫಲಕಗಳ ದುರಸ್ತಿಯೇ ನನ್ನ ವೃತ್ತಿಯಾದ್ದರಿಂದ ತಂತಿ ಮತ್ತು ಮಾಪಕ ನನಗೆ ಹೊಸವಲ್ಲ. ಮನೆ ಕಾಯಿಸುವ ಈ ವ್ಯವಸ್ಥೆ ಮಾತ್ರ ಅಲ್ಲಿಯವರೆಗೆ ನಾನು ಗಮನವಿಟ್ಟು ನೋಡಿದ್ದಲ್ಲ.

ಬಾಣಂತನಕ್ಕೆಂದು ತೀರ್ಥಹಳ್ಳಿಯಿಂದ ಬಂದಿದ್ದ ಅತ್ತೆಯವರು ಮಗುವಿಗೆ ನೀರು ಹಾಕಿ ಬಂದು, “ಹಂಡೆ ನೀರು ಕಾಯ್ತಿದೆ ಅಂದ್ಮೇಲೆ ಒಲೆ ಸರಿಯಾಗೇ ಇದೆ ಅಂತಲ್ವಾ? ಬೇರೆಲ್ಲೋ ನೋಡ್ಬೇಕು ನೀವು” ಎಂದರು. ಮೊದಲ ಊಹೆಯಾಗಿ ಅದಕ್ಕಿಂತ ಒಳ್ಳೆಯದನ್ನು ಯಾರೂ ಹೇಳಲಾರರು. ಆದರೆ ಬಿಸಿನೀರು ಬರುತ್ತಿದೆ ಎಂಬ ಒಂದು ಸಂಗತಿ ಯಾವ ಯಾವ ಭಾಗಗಳ ಪರವಾಗಿ ಸಾಕ್ಷಿ ಹೇಳುತ್ತದೆ, ಯಾವುದರ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದನ್ನು ಬಿಡಿಸಿ ನೋಡದೆ ಮುಂದೆ ಹೋದರೆ ತಪ್ಪು ಭಾಗವನ್ನು ಕೊಂಡು ತರುವುದು ನಿಶ್ಚಿತ. ನನ್ನ ಮೂರು ದಿನಗಳ ಕೆಲಸವೆಲ್ಲ ಹೆಚ್ಚುಕಡಿಮೆ ಇದೊಂದನ್ನು ಬಿಡಿಸುವುದೇ ಆಗಿತ್ತು.

ಮೊದಲು ವ್ಯವಸ್ಥೆಯ ವಿವರ. ಅಡುಗೆಮನೆಯಲ್ಲಿ ಗ್ಯಾಸ್ ಬಾಯ್ಲರ್ ಇದೆ. ಮಹಡಿಯ ಮೇಲೆ, ಬಟ್ಟೆ ಬೆಚ್ಚಗಿಡುವ ಕಪಾಟಿನಲ್ಲಿ, ನೊರೆಯ ಹೊದಿಕೆ ಹೊದ್ದ ತಾಮ್ರದ ದೊಡ್ಡ ಹಂಡೆಯಿದೆ. ಇಲ್ಲಿಯವರು ಅದನ್ನು ಸಿಲಿಂಡರ್ ಎನ್ನುತ್ತಾರೆ. ನಮಗೆ ಸಿಲಿಂಡರ್ ಎಂದರೆ ಅಡುಗೆ ಅನಿಲವೇ ನೆನಪಾಗುವುದರಿಂದ ನಾನು ಹಂಡೆಯೆಂದೇ ಬರೆಯುತ್ತೇನೆ. ಬಾಯ್ಲರಿನಲ್ಲಿ ಕಾದ ನೀರು ನೇರವಾಗಿ ನಲ್ಲಿಗೆ ಬರುವುದಿಲ್ಲ. ಅದು ಹಂಡೆಯೊಳಗಿನ ತಾಮ್ರದ ಸುರುಳಿಯಲ್ಲಿ ಹರಿದು, ಹಂಡೆಯ ನೀರಿಗೆ ಶಾಖ ಕೊಟ್ಟು, ತಣಿದು ಬಾಯ್ಲರಿಗೆ ಮರಳುತ್ತದೆ. ಅದೇ ನೀರೇ ಇನ್ನೊಂದು ದಾರಿಯಲ್ಲಿ ರೇಡಿಯೇಟರ್‌ಗಳಿಗೂ ಹೋಗುತ್ತದೆ. ಬಾಯ್ಲರಿನಿಂದ ಬಂದ ಕೊಳವೆ ಪಂಪನ್ನು ದಾಟಿ, ಹಂಡೆಯ ಪಕ್ಕದಲ್ಲಿ, ಹಿತ್ತಾಳೆಯ ಮೂರು ಬಾಯಿಯ ವಾಲ್ವ್ ಒಂದಕ್ಕೆ ಸೇರುತ್ತದೆ. ನೀರು ಒಳಬರುವ ಬಾಯಿಗೆ ‘ಎಬಿ’ ಎಂದೂ, ರೇಡಿಯೇಟರ್ ಕಡೆಯದಕ್ಕೆ ‘ಎ’ ಎಂದೂ, ಹಂಡೆಯ ಕಡೆಯದಕ್ಕೆ ‘ಬಿ’ ಎಂದೂ ಗುರುತು ಕೆತ್ತಿರುತ್ತದೆ. ಗದ್ದೆಗೆ ನೀರು ಕಟ್ಟುವಾಗ ಕಾಲುವೆ ಎರಡಾಗಿ ಒಡೆಯುವ ಜಾಗದಲ್ಲಿ ಮಣ್ಣಿನ ಹೆಂಟೆಯಿಟ್ಟು ನೀರನ್ನು ಆ ಕಡೆಗೋ ಈ ಕಡೆಗೋ ತಿರುಗಿಸುತ್ತಾರಲ್ಲ, ಆ ಹೆಂಟೆಯ ಕೆಲಸವನ್ನು ವಾಲ್ವಿನೊಳಗಿನ ರಬ್ಬರಿನ ಸಣ್ಣ ಗುಂಡು ಮಾಡುತ್ತದೆ. ಅದನ್ನು ಅತ್ತಿತ್ತ ಸರಿಸುವುದು ವಾಲ್ವಿನ ಮೇಲೆ ಕೂತ ತಗಡಿನ ಪೆಟ್ಟಿಗೆಯೊಳಗಿನ ಪುಟ್ಟ ಮೋಟರ್. ಬ್ರಿಟನ್ನಿನ ಕೆಲಸಗಾರರು ಈ ಜೋಡಣೆಯನ್ನು ವೈ ಪ್ಲಾನ್ ಎನ್ನುತ್ತಾರೆ. ಹಂಡೆಗೊಂದು, ರೇಡಿಯೇಟರಿಗೊಂದು ಪ್ರತ್ಯೇಕ ಎರಡು ಬಾಯಿಯ ವಾಲ್ವ್ ಇದ್ದರೆ ಅದು ಎಸ್ ಪ್ಲಾನ್.

ವೈ ಪ್ಲಾನಿನಲ್ಲಿ ನೆನಪಿಡಬೇಕಾದ ಗುಣವೆಂದರೆ, ಮೋಟರಿಗೆ ವಿದ್ಯುತ್ ಇಲ್ಲದಿರುವಾಗ ಸ್ಪ್ರಿಂಗಿನ ಬಲದಿಂದ ‘ಎ’ ಬಾಯಿ ಮುಚ್ಚಿ ‘ಬಿ’ ಬಾಯಿ ತೆರೆದಿರುತ್ತದೆ. ಬರೀ ಬಿಸಿನೀರು ಬೇಕೆಂದಾಗ ವಾಲ್ವ್ ಏನನ್ನೂ ಮಾಡಬೇಕಾಗಿಲ್ಲ. ಹಂಡೆಗೆ ಕಟ್ಟಿದ ಥರ್ಮೋಸ್ಟಾಟ್, ಅಂದರೆ ಬಿಸಿ ನೋಡಿ ತಾನಾಗಿ ಹಾಕಿ ಆರಿಸುವ ಸ್ವಿಚ್, ಬಾಯ್ಲರನ್ನೂ ಪಂಪನ್ನೂ ತಾನೇ ಚಾಲೂ ಮಾಡುತ್ತದೆ, ನೀರು ತೆರೆದ ದಾರಿಯಲ್ಲಿ ಹಂಡೆಗೆ ಹೋಗುತ್ತದೆ. ಹಾಗಾಗಿ ಬಿಸಿನೀರು ಸರಿಯಾಗಿ ಬರುತ್ತಿದೆ ಎಂಬುದು ಬಾಯ್ಲರ್, ಗ್ಯಾಸ್, ಪಂಪ್, ಹಂಡೆಯ ಥರ್ಮೋಸ್ಟಾಟ್ ಇವೆಲ್ಲ ಸರಿಯಿವೆ ಎನ್ನುತ್ತದೆಯೇ ಹೊರತು ವಾಲ್ವ್ ಸರಿಯಿದೆ ಎನ್ನುವುದಿಲ್ಲ. ವಾಲ್ವಿನ ಮೋಟರ್ ಸತ್ತು ತಿಂಗಳಾಗಿದ್ದರೂ ಬೇಸಿಗೆಯಲ್ಲಿ ಮನೆಯವರಿಗೆ ಅದರ ಸುಳಿವೇ ಸಿಗುವುದಿಲ್ಲ.

ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡ ಮೇಲೆ, ಆ ಸಾಕ್ಷಿಯೇ ನಿಜವೇ ಎಂಬ ಸಂಶಯ ಬಂತು. ಹಂಡೆಯ ನೀರು ಬಾಯ್ಲರಿನಿಂದಲೇ ಕಾಯುತ್ತಿದೆಯೆಂದು ನಾನು ನೋಡಿದ್ದೆನೇ? ಇಲ್ಲಿನ ಹಂಡೆಗಳಲ್ಲಿ ಸಾಮಾನ್ಯವಾಗಿ ವಿದ್ಯುತ್ತಿನಿಂದ ಕಾಯುವ ಇಮ್ಮರ್ಶನ್ ಹೀಟರ್ ಕೂಡ ಇರುತ್ತದೆ. ಕಪಾಟಿನ ಬಾಗಿಲು ತೆಗೆದು ನೋಡಿದರೆ ಅದರ ಸ್ವಿಚ್ಚಿನ ಕೆಂಪು ದೀಪ ಉರಿಯುತ್ತಿತ್ತು. ನವೆಂಬರಿನಲ್ಲಿ ಬಾಯ್ಲರಿನ ವಾರ್ಷಿಕ ತಪಾಸಣೆ ನಡೆದ ದಿನ ನೀರಿಗೆಂದು ಹಾಕಿದ್ದನ್ನು ಆರಿಸಲು ಮರೆತಿದ್ದೆವು. ಅಂದರೆ ಅಂದು ಬೆಳಗಿನ ಬಿಸಿನೀರು ಬಾಯ್ಲರಿನ ಪರವಾಗಿ ಏನನ್ನೂ ಸಾಬೀತು ಮಾಡಿರಲಿಲ್ಲ. ಬಾಯ್ಲರ್ ಪೂರ್ತಿ ನಿಂತಿದ್ದರೂ ನಲ್ಲಿಯಲ್ಲಿ ಅದೇ ನೀರು ಬರುತ್ತಿತ್ತು. ನನ್ನ ಆಗಿನವರೆಗಿನ ತರ್ಕವೆಲ್ಲ ಈ ಒಂದು ದೀಪದ ಮುಂದೆ ಆಧಾರವಿಲ್ಲದೆ ನಿಂತಿತು.

ಆದ್ದರಿಂದ ಇಮ್ಮರ್ಶನ್ ಆರಿಸಿ, ಸ್ನಾನದ ತೊಟ್ಟಿಗೆ ನೀರು ಬಿಟ್ಟು ಹಂಡೆ ತಣ್ಣಗಾಗುವವರೆಗೆ ಖಾಲಿ ಮಾಡಿ, ಬಿಸಿನೀರನ್ನೂ ಹೀಟಿಂಗನ್ನೂ (ರೇಡಿಯೇಟರ್ ಕಾಯಿಸುವುದನ್ನು) ಹಾಕಿ ಆರಿಸುವ ಪ್ರೋಗ್ರಾಮರಿನಲ್ಲಿ ಬಿಸಿನೀರನ್ನು ಮಾತ್ರ ಹಾಕಿದೆ. ಕೆಳಗೆ ಬಾಯ್ಲರ್ ಹೊತ್ತಿಕೊಂಡ ಸದ್ದು ಕೇಳಿತು. ಪಂಪಿನ ಮೇಲೆ ಕೈಯಿಟ್ಟಾಗ ಅದು ಸಣ್ಣಗೆ ನಡುಗುತ್ತಿತ್ತು. ಸುಮಾರು ಮುಕ್ಕಾಲು ಗಂಟೆಯಲ್ಲಿ ಹಂಡೆ ಕಾದು, 60 ಡಿಗ್ರಿಗೆ ಇಟ್ಟಿದ್ದ ಅದರ ಥರ್ಮೋಸ್ಟಾಟ್ ಟಿಕ್ಕೆಂದು ಬಾಯ್ಲರನ್ನು ಆರಿಸಿತು. ಈಗ ಸಾಕ್ಷಿ ನಂಬಲು ಯೋಗ್ಯವಾಯಿತು. ಪಂಪಿನ ಬಗ್ಗೆ ಇಲ್ಲೊಂದು ಮಾತು ಸೇರಿಸಬೇಕು. ಇನ್ನೂ ಹಳೆಯ ಕೆಲವು ಮನೆಗಳಲ್ಲಿ ಬಿಸಿನೀರಿನ ಸುತ್ತಿಗೆ ಪಂಪೇ ಇರುವುದಿಲ್ಲ; ಕಾದ ನೀರು ಹಗುರವಾಗಿ ತಾನಾಗಿ ಮೇಲೇರಿ ಹಂಡೆ ಸೇರುತ್ತದೆ, ಪಂಪು ರೇಡಿಯೇಟರ್‌ಗಳಿಗೆ ಮಾತ್ರ ದುಡಿಯುತ್ತದೆ. ಅಂಥ ಮನೆಯಲ್ಲಿ ಇದೇ ಲಕ್ಷಣ ಕಂಡರೆ ಮೊದಲ ಸಂಶಯ ಪಂಪಿನ ಮೇಲೆಯೇ ಬರಬೇಕು. ಪಕ್ಕದ ಮನೆಯ ಹಿರಿಯರು ಪಂಪ್ ಬದಲಾಯಿಸೆಂದು ಖಂಡಿತವಾಗಿ ಹೇಳಿದ್ದು ತಮ್ಮ ಹಳೆಯ ಮನೆಯ ಅನುಭವದಿಂದ. ಅವರ ಮಟ್ಟಿಗೆ ಅದು ಸರಿಯೇ. ನಮ್ಮಲ್ಲಿ ಎರಡು ದಾರಿಗಳಿಗೂ ಒಂದೇ ಪಂಪ್ ಇರುವುದರಿಂದ ಅದು ನಿರ್ದೋಷಿ.

ಹಂಡೆಯೇ ಇಲ್ಲದ ಕಾಂಬಿ ಬಾಯ್ಲರ್ ಇರುವ ಮನೆಗಳಲ್ಲಿ ನೀರಿನ ದಾರಿ ತಿರುಗಿಸುವ ವಾಲ್ವ್ ಬಾಯ್ಲರಿನ ಒಳಗೇ ಇರುತ್ತದೆ. ಅಲ್ಲಿ ಈ ಲಕ್ಷಣಕ್ಕೆ ಅದು ಒಂದೇ ಕಡೆ ಅಂಟಿಕೊಂಡಿರುವುದು ಸಾಮಾನ್ಯ ಕಾರಣ, ಮತ್ತು ಅದು ಮನೆಯವರು ಕೈಹಾಕುವ ಕೆಲಸವಲ್ಲ. ಬ್ರಿಟನ್ನಿನಲ್ಲಿ 1998ರ ಗ್ಯಾಸ್ ಸುರಕ್ಷತಾ ನಿಯಮಗಳಿವೆ. 2009ರ ಏಪ್ರಿಲ್‌ನಿಂದ ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ನೋಂದಣಿ ಜಾರಿಯಲ್ಲಿದೆ. ಸಂಬಳಕ್ಕೆ ಗ್ಯಾಸ್ ಕೆಲಸ ಮಾಡುವವರು ಆ ಪಟ್ಟಿಯಲ್ಲಿ ಇರಲೇಬೇಕು. ನಾನು ಇಲ್ಲಿ ಬರೆಯುವ ಕೆಲಸದಲ್ಲಿ ಬಾಯ್ಲರಿನ ಮುಚ್ಚಳವನ್ನಾಗಲಿ ಗ್ಯಾಸಿನ ಕೊಳವೆಯನ್ನಾಗಲಿ ಮುಟ್ಟಿಲ್ಲ. ವಾಲ್ವ್ ಹೊರಗೆ ಕಪಾಟಿನಲ್ಲಿದ್ದುದರಿಂದಲೇ ಕೈಹಾಕಿದೆ.

ಮುಂದಿನದು ಕೈಯಿಂದಲೇ ಮಾಡುವ ಪರೀಕ್ಷೆ, ಉಪಕರಣ ಏನೂ ಬೇಡ. ಹಂಡೆಯಿಂದ ಮತ್ತೆ ಒಂದಿಷ್ಟು ನೀರು ತೆಗೆದು, ಬಿಸಿನೀರು ಮತ್ತು ಹೀಟಿಂಗ್ ಎರಡನ್ನೂ ಹಾಕಿ, ನಡುಮನೆಯ ಥರ್ಮೋಸ್ಟಾಟನ್ನು 25ಕ್ಕೆ ತಿರುಗಿಸಿದೆ. ಅದು ಟಿಕ್ಕೆಂದಿತು. ಬಾಯ್ಲರ್ ಹೊತ್ತಿತು. ಹತ್ತು ನಿಮಿಷ ಬಿಟ್ಟು ವಾಲ್ವಿನ ಮೂರು ಕೊಳವೆಗಳನ್ನು ಒಂದೊಂದಾಗಿ ಮುಟ್ಟಿದರೆ ‘ಎಬಿ’ ಹಿಡಿಯಲಾಗದಷ್ಟು ಬಿಸಿ, ‘ಬಿ’ ಅಷ್ಟೇ ಬಿಸಿ, ‘ಎ’ ವಾಲ್ವಿನಿಂದ ಒಂದು ಗೇಣು ದೂರದಲ್ಲೇ ತಣ್ಣಗೆ. ಇದಾದ ಮೇಲೆ ಬಿಸಿನೀರನ್ನು ಆರಿಸಿ ಹೀಟಿಂಗ್ ಮಾತ್ರ ಉಳಿಸಿದೆ. ಬಾಯ್ಲರ್ ಆರಿಹೋಯಿತು, ಮತ್ತೆ ಹೊತ್ತಲೇ ಇಲ್ಲ.

ಈ ಎರಡು ಫಲಿತಾಂಶಗಳನ್ನು ಜೊತೆಗಿಟ್ಟು ನೋಡಿದಾಗ ಸಂಶಯದ ವೃತ್ತ ತೀರ ಸಣ್ಣದಾಗುತ್ತದೆ. ಹೀಟಿಂಗ್ ಒಂದನ್ನೇ ಹಾಕಿದಾಗ ಬಾಯ್ಲರಿಗೆ ಅಪ್ಪಣೆ ಹೋಗುವುದು ವಾಲ್ವಿನ ಪೆಟ್ಟಿಗೆಯೊಳಗಿನ ಮೈಕ್ರೋಸ್ವಿಚ್ಚಿನ ಮೂಲಕ: ಮೋಟರ್ ವಾಲ್ವನ್ನು ‘ಎ’ ಕಡೆಗೆ ಪೂರ್ತಿ ತಿರುಗಿಸಿದ ಮೇಲೆ ಆ ಸ್ವಿಚ್ ಒತ್ತಿಕೊಂಡು ಕಿತ್ತಳೆ ತಂತಿಗೆ ವಿದ್ಯುತ್ ಕೊಡುತ್ತದೆ. ದಾರಿ ತೆರೆಯದೆ ಬೆಂಕಿ ಹೊತ್ತಬಾರದೆಂಬ ಒಳ್ಳೆಯ ಏರ್ಪಾಡು ಅದು. ಕೆಟ್ಟಿರುವುದು ಆ ಮೈಕ್ರೋಸ್ವಿಚ್ ಮಾತ್ರವಾಗಿದ್ದರೆ, ಎರಡನ್ನೂ ಹಾಕಿದಾಗ ಬಾಯ್ಲರಿಗೆ ಹಂಡೆಯ ಥರ್ಮೋಸ್ಟಾಟಿನಿಂದ ಅಪ್ಪಣೆ ಸಿಗುತ್ತಿತ್ತು, ವಾಲ್ವ್ ನಡುವಿನ ಸ್ಥಾನಕ್ಕೆ ಬಂದು ರೇಡಿಯೇಟರ್‌ಗಳಿಗೂ ನೀರು ಹೋಗುತ್ತಿತ್ತು. ಹಾಗಾಗಲಿಲ್ಲ. ಆದ್ದರಿಂದ ವಾಲ್ವ್ ನಡುವಿನ ಸ್ಥಾನಕ್ಕೂ ಬರುತ್ತಿಲ್ಲ. ಒಂದೊಂದು ರೇಡಿಯೇಟರಿಗೂ ಇರುವ ತಾಪ ನಿಯಂತ್ರಕ ಮುಚ್ಚಿಕೊಂಡಿರಬಹುದೇ ಎಂದರೆ, ಬಚ್ಚಲಿನ ರೇಡಿಯೇಟರಿಗೆ ಅಂಥದ್ದೇ ಇಲ್ಲ, ಅದೂ ತಣ್ಣಗಿತ್ತು. ಎಲ್ಲವೂ ಒಟ್ಟಿಗೆ ತಣ್ಣಗಾದಾಗ ಒಂದೊಂದರ ಗಾಳಿ ತೆಗೆಯುತ್ತಾ ಕೂರುವುದರಿಂದ ಸಮಯ ಹಾಳು. ಉಳಿದ ಪ್ರಶ್ನೆ ಒಂದೇ: ವಾಲ್ವಿಗೆ ತಿರುಗೆಂಬ ಅಪ್ಪಣೆಯೇ ತಲುಪುತ್ತಿಲ್ಲವೋ, ತಲುಪಿದರೂ ಅದು ತಿರುಗುತ್ತಿಲ್ಲವೋ?

ಇದನ್ನು ತಿಳಿಯಲು ವಿದ್ಯುತ್ ಅಳೆಯಲೇಬೇಕು. ಇಲ್ಲಿನ ಮನೆಗಳಲ್ಲಿ ಈ ಇಡೀ ನಿಯಂತ್ರಣ ವ್ಯವಸ್ಥೆಗೆ 3 ಆಂಪಿಯರ್ ಫ್ಯೂಸಿರುವ ಒಂದೇ ಸ್ವಿಚ್ಚಿನಿಂದ ವಿದ್ಯುತ್ ಬರುವುದು ವಾಡಿಕೆ. ಪ್ರೋಗ್ರಾಮರಿನಲ್ಲಿ ಆರಿಸಿದರೆ ಸಾಲದು, ಏಕೆಂದರೆ ಬಿಸಿನೀರು ಆರಿಸಿದಾಗಲೇ ವಾಲ್ವಿನ ಒಂದು ತಂತಿಗೆ 230 ವೋಲ್ಟ್ ಬರುತ್ತದೆ. ನಾನು ಆ ಸ್ವಿಚ್ ಆರಿಸಿ, ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಆಮೇಲೆ ಎರಡು ಮೊನೆಯ ಪರೀಕ್ಷಕವನ್ನು ವಿದ್ಯುತ್ ಇರುವುದು ಗೊತ್ತಿದ್ದ ಕಡೆ ಒಮ್ಮೆ ಪರೀಕ್ಷಿಸಿ, ಕಪಾಟಿನ ಜೋಡಣೆ ಪೆಟ್ಟಿಗೆಯಲ್ಲಿ ವಿದ್ಯುತ್ ಇಲ್ಲವೆಂದು ಖಚಿತ ಮಾಡಿಕೊಂಡು, ಪರೀಕ್ಷಕ ಇನ್ನೂ ಸರಿಯಿದೆಯೆಂದು ಮತ್ತೊಮ್ಮೆ ನೋಡಿಕೊಂಡೆ. ಈ ಮೂರು ಹೆಜ್ಜೆಗಳಲ್ಲಿ ಒಂದನ್ನೂ ನಾನು ಇಪ್ಪತ್ತು ವರ್ಷಗಳಲ್ಲಿ ಬಿಟ್ಟಿಲ್ಲ. ಇದು ಅಭ್ಯಾಸವಿಲ್ಲದವರು ಇಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ಹೇಳುವುದೇ ಸರಿ. ಇಲ್ಲಿಯವರೆಗಿನ ಪರೀಕ್ಷೆಗಳ ಫಲವನ್ನು ಅವರಿಗೆ ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆ.

ಜೋಡಣೆ ಪೆಟ್ಟಿಗೆ ತೆರೆದಾಗ ಹತ್ತು ತಿರುಪುಗಳ ಪಟ್ಟಿ ಕಂಡಿತು. ವಾಲ್ವಿನಿಂದ ಐದು ತಂತಿಗಳು ಬಂದು ಅದಕ್ಕೆ ಸೇರಿದ್ದವು. ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದು ಭೂಸಂಪರ್ಕ. ಬಿಳಿಗೆ ನಡುಮನೆಯ ಥರ್ಮೋಸ್ಟಾಟ್ ಶಾಖ ಕೇಳಿದಾಗ ವಿದ್ಯುತ್ ಬರುತ್ತದೆ. ಬೂದಿ ಬಣ್ಣದ್ದಕ್ಕೆ ಬಿಸಿನೀರು ಬೇಡವೆಂದಾಗ, ಅಂದರೆ ಪ್ರೋಗ್ರಾಮರ್ ಆರಿಸಿದಾಗ ಅಥವಾ ಹಂಡೆ ಸಾಕಷ್ಟು ಕಾದಾಗ, ವಿದ್ಯುತ್ ಬರುತ್ತದೆ. ಕಿತ್ತಳೆ ಬಣ್ಣದ್ದು ಬಾಯ್ಲರಿಗೂ ಪಂಪಿಗೂ ಅಪ್ಪಣೆ ಕೊಡುತ್ತದೆ. ಬಿಳಿಗೆ ಮಾತ್ರ ವಿದ್ಯುತ್ ಬಂದರೆ ವಾಲ್ವ್ ನಡುವಿಗೆ ಬಂದು ನಿಲ್ಲಬೇಕು. ಬಿಳಿ, ಬೂದಿ ಎರಡಕ್ಕೂ ಬಂದರೆ ಪೂರ್ತಿ ‘ಎ’ ಕಡೆಗೆ ತಿರುಗಬೇಕು. ಎರಡು ಬಾಯಿಯ ವಾಲ್ವಿನಲ್ಲೂ ಬೂದಿ ಬಣ್ಣದ ತಂತಿಯಿರುತ್ತದೆ, ಆದರೆ ಅಲ್ಲಿ ಅದರ ಕೆಲಸವೇ ಬೇರೆ. ಎಸ್ ಪ್ಲಾನಿನ ಚಿತ್ರ ನೋಡಿಕೊಂಡು ವೈ ಪ್ಲಾನಿನ ಪೆಟ್ಟಿಗೆಗೆ ಕೈಹಾಕುವುದು ಅಪಾಯ.

ಮಾಪಕದ ಕ್ಲಿಪ್ಪುಗಳನ್ನು ವಿದ್ಯುತ್ ಇಲ್ಲದಿರುವಾಗಲೇ ಸಿಕ್ಕಿಸಿ, ಕೈ ಹಿಂದಕ್ಕೆ ತೆಗೆದುಕೊಂಡು, ಆಮೇಲೆ ಫ್ಯೂಸ್ ಹಾಕಿದೆ. ಥರ್ಮೋಸ್ಟಾಟ್ ಶಾಖ ಕೇಳದಿರುವಾಗಲೂ ಡಿಜಿಟಲ್ ಮಾಪಕ ಬಿಳಿ ತಂತಿಯಲ್ಲಿ 60ರ ಆಸುಪಾಸು ವೋಲ್ಟ್ ತೋರಿಸಿತು. ಇದು ನಿಜವಾದ ಪೂರೈಕೆಯಲ್ಲ. ಅಕ್ಕಪಕ್ಕದ ತಂತಿಗಳಿಂದಲೂ ವಾಲ್ವಿನೊಳಗಿನ ಬಿಡಿಭಾಗಗಳ ಮೂಲಕವೂ ಸೋರಿ ಬರುವ ಹುಸಿ ವೋಲ್ಟೇಜನ್ನು ಈ ಬಗೆಯ ಮಾಪಕಗಳು ಹಿಡಿದು ತೋರಿಸುತ್ತವೆ. ಸ್ವಲ್ಪ ಕರೆಂಟ್ ಎಳೆಯುವ ಎರಡು ಮೊನೆಯ ಪರೀಕ್ಷಕ ಅದೇ ಜಾಗದಲ್ಲಿ ಏನನ್ನೂ ತೋರಿಸಲಿಲ್ಲ. ಮುಟ್ಟದೆಯೇ ಪೀಪೀ ಎನ್ನುವ ಪೆನ್ನಿನಂಥ ಪರೀಕ್ಷಕಗಳನ್ನು ಈ ಕೆಲಸದಲ್ಲಿ ನಾನು ನಂಬುವುದೇ ಇಲ್ಲ. ಹೆಂಡತಿ ಕೆಳಗೆ ನಿಂತು ಥರ್ಮೋಸ್ಟಾಟ್ ತಿರುಗಿಸಿದಳು. ಬಿಳಿ ತಂತಿ 241 ವೋಲ್ಟಿಗೆ ಏರಿತು. ಬಿಸಿನೀರು ಆರಿಸಿದಾಗ ಬೂದಿ ತಂತಿಯೂ ಅಷ್ಟೇ ಏರಿತು. ಕಿತ್ತಳೆ ಸೊನ್ನೆಯಲ್ಲೇ ಉಳಿಯಿತು. ಪ್ರೋಗ್ರಾಮರ್, ಥರ್ಮೋಸ್ಟಾಟ್, ಗೋಡೆಯೊಳಗಿನ ತಂತಿ ಮೂರೂ ಸರಿಯಿವೆ. ಅಪ್ಪಣೆ ವಾಲ್ವಿನ ಬಾಗಿಲವರೆಗೆ ಬರುತ್ತಿದೆ.

ವಾಲ್ವ್ ಪೆಟ್ಟಿಗೆಯ ಪಕ್ಕದಲ್ಲಿ ಕೈಯಿಂದ ಸರಿಸುವ ಸಣ್ಣ ಹಿಡಿಯೊಂದಿದೆ. ಮೋಟರ್ ತಿರುಗಿದ್ದರೆ ಆ ಹಿಡಿ ಅತ್ತಿತ್ತ ಸಡಿಲವಾಗಿ ಆಡಬೇಕು. ತಿರುಗದಿದ್ದರೆ ಸ್ಪ್ರಿಂಗಿನ ಬಿಗಿ ಕೈಗೆ ಸಿಗುತ್ತದೆ. ಬಿಳಿ ತಂತಿಗೆ ವಿದ್ಯುತ್ ಇರುವಾಗಲೇ ಸರಿಸಿ ನೋಡಿದೆ, ಬಿಗಿಯಾಗಿತ್ತು. ಪೆಟ್ಟಿಗೆಗೆ ಕಿವಿಯಿಟ್ಟರೆ ಮೋಟರಿನ ಗುಂಯ್‌ ಸದ್ದಿಲ್ಲ, ತಗಡಿನ ಮೈ ತಣ್ಣಗೆ. ಹಿಡಿಯನ್ನು ಕೊನೆಯವರೆಗೆ ಎಳೆದು ಕಚ್ಚಿಗೆ ಸಿಕ್ಕಿಸಿದಾಗ ವಾಲ್ವ್ ನಡುವಿನ ಸ್ಥಾನಕ್ಕೆ ಬರುತ್ತದೆ. ಆದರೆ ಹಾಗೆ ಸಿಕ್ಕಿಸಿದ ಮಾತ್ರಕ್ಕೆ ಬಾಯ್ಲರ್ ಹೊತ್ತುವುದಿಲ್ಲ, ಮೈಕ್ರೋಸ್ವಿಚ್ ಒತ್ತಿಕೊಳ್ಳುವುದು ಪೂರ್ತಿ ‘ಎ’ ಕಡೆಗೆ ಹೋದಾಗ ಮಾತ್ರ. ಬಿಸಿನೀರನ್ನು ಹಾಕಿದರೆ ಹಂಡೆಯ ಥರ್ಮೋಸ್ಟಾಟ್ ಬಾಯ್ಲರನ್ನು ಹೊತ್ತಿಸುತ್ತದೆ, ನೀರು ಎರಡೂ ಕಡೆ ಹಂಚಿಹೋಗುತ್ತದೆ. ಆ ಸಂಜೆ ಹಾಗೆ ಮಾಡಿದ ಇಪ್ಪತ್ತು ನಿಮಿಷಕ್ಕೆ ಮಗುವಿನ ಕೋಣೆಯ ರೇಡಿಯೇಟರ್ ಬೆಚ್ಚಗಾಯಿತು. ರಾತ್ರಿ ಹತ್ತಕ್ಕೆ ನಡುಮನೆ 17 ಡಿಗ್ರಿಗೆ ಬಂದಿತ್ತು.

ಈ ತಾತ್ಕಾಲಿಕ ಉಪಾಯಕ್ಕೆ ಮಿತಿಯಿದೆ: ಹಂಡೆ 60 ಡಿಗ್ರಿ ತಲುಪಿದ ಕೂಡಲೇ ಬಾಯ್ಲರ್ ಆರುತ್ತದೆ, ರೇಡಿಯೇಟರ್‌ಗಳೂ ತಣಿಯುತ್ತವೆ. ಹಾಗೆಂದು ಹಂಡೆಯ ಥರ್ಮೋಸ್ಟಾಟನ್ನು ಮೇಲಕ್ಕೆ ತಿರುಗಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಮಗುವಿಗೆ ನೀರು ಹಾಕುವ ಮನೆಯಲ್ಲಿ ನಲ್ಲಿಯ ನೀರು ಇನ್ನಷ್ಟು ಸುಡುವುದು ಬೇಡ. ಬಹಳ ಕಡಿಮೆ ಮಾಡುವಂತೆಯೂ ಇಲ್ಲ, ಲೀಜಿಯೊನೆಲ್ಲಾ ರೋಗಾಣು ಬೆಳೆಯದಂತೆ ಶೇಖರಿಸಿದ ನೀರನ್ನು 60 ಡಿಗ್ರಿಯಲ್ಲಿ ಇಡಬೇಕೆಂಬ ಸಲಹೆ ಇರುವುದರಿಂದ. ಎರಡು ದಿನ ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು, ಸ್ನಾನ ಎಲ್ಲವನ್ನೂ ಚಳಿ ಹೆಚ್ಚಿರುವ ಹೊತ್ತಿಗೆ ಹೊಂದಿಸಿಕೊಂಡೆವು. ಬಿಸಿನೀರು ಖರ್ಚಾದಷ್ಟೂ ಮನೆ ಕಾಯುತ್ತಿತ್ತು.

ಹಿಡಿ ಸರಿಸಿದಾಗ ರೇಡಿಯೇಟರ್ ಕಾದದ್ದರಿಂದ ಇನ್ನೊಂದು ಸಂಗತಿಯೂ ತಿಳಿಯಿತು. ವಾಲ್ವಿನ ಹಿತ್ತಾಳೆಯ ಒಡಲು ಕಪ್ಪು ಕೆಸರಿನಿಂದ ಅಂಟಿಕೊಂಡಿಲ್ಲ, ರಬ್ಬರಿನ ಗುಂಡು ಚಲಿಸುತ್ತದೆ. ಒಡಲು ಹೋಗಿದ್ದರೆ ಇಡೀ ವ್ಯವಸ್ಥೆಯ ನೀರು ಬಸಿದು ಕೊಳವೆಗಳನ್ನು ಬಿಚ್ಚಬೇಕಾಗುತ್ತಿತ್ತು. ಮೇಲಿನ ತಲೆ, ಅಂದರೆ ಮೋಟರಿರುವ ಪೆಟ್ಟಿಗೆ, ಮಾತ್ರ ಹೋಗಿದ್ದರೆ ಒಂದು ಹನಿ ನೀರೂ ಚೆಲ್ಲದೆ ಬದಲಾಯಿಸಬಹುದು. ತೀರ ಹಳೆಯ ವಾಲ್ವ್‌ಗಳಲ್ಲಿ ತಲೆಯನ್ನು ಬೇರೆ ಮಾಡಲು ಬರುವುದಿಲ್ಲವಾದ್ದರಿಂದ, ಕೊಳ್ಳುವ ಮುಂಚೆ ಮಾದರಿಯ ಸಂಖ್ಯೆ ಬರೆದುಕೊಂಡು ತಯಾರಕರ ಕೈಪಿಡಿಯಲ್ಲಿ ಖಚಿತ ಮಾಡಿಕೊಂಡೆ. ಮೋಟರ್ ಒಂದನ್ನೇ ಕೊಳ್ಳಬಹುದಿತ್ತು, ಅದು ತಲೆಗಿಂತ ಬಹಳ ಅಗ್ಗ. ಆದರೆ ಮುಚ್ಚಳ ತೆಗೆದಾಗ ಒಳಗಿನ ತಂತಿಗಳ ಹೊದಿಕೆ ಶಾಖದಿಂದ ಕಂದಾಗಿ ಬಿರುಕು ಬಿಟ್ಟಿದ್ದು ಕಂಡಿತು. ಮೈಕ್ರೋಸ್ವಿಚ್ಚುಗಳಿಗೂ ಮೋಟರಿನಷ್ಟೇ ವಯಸ್ಸು. ಮಗುವಿರುವ ಮನೆಯಲ್ಲಿ ಮುಂದಿನ ತಿಂಗಳು ಮತ್ತೆ ಅದೇ ಕಪಾಟಿಗೆ ತಲೆಹಾಕುವುದು ಬೇಡವೆಂದು ಸುಮಾರು 70 ಪೌಂಡ್ ಕೊಟ್ಟು ಇಡೀ ತಲೆಯನ್ನೇ ತಂದೆ.

ಮೂರನೆಯ ದಿನ ಬೆಳಿಗ್ಗೆ ಬದಲಾವಣೆ. ಫ್ಯೂಸ್ ಜೇಬಿಗೆ, ಮತ್ತೆ ಮೂರು ಹೆಜ್ಜೆಯ ಪರೀಕ್ಷೆ. ತಂತಿಗಳನ್ನು ಬಿಚ್ಚುವ ಮುಂಚೆ ಪೆಟ್ಟಿಗೆಯ ಚಿತ್ರ ತೆಗೆದು, ಅದು ಸಾಲದೆಂದು ಪ್ರತಿ ತಿರುಪಿನ ಸಂಖ್ಯೆಯೆದುರು ಅದಕ್ಕೆ ಸೇರಿದ ಎಲ್ಲ ತಂತಿಗಳ ಬಣ್ಣ ಬರೆದುಕೊಂಡೆ. ಇಲ್ಲಿ ಬಣ್ಣಗಳನ್ನು ಕುರುಡಾಗಿ ನಂಬಬಾರದು. ನಮ್ಮ ಮನೆ ಕಟ್ಟಿದ ಕಾಲದಲ್ಲಿ ಬ್ರಿಟನ್ನಿನಲ್ಲಿ ಕೆಂಪು ಲೈವ್, ಕಪ್ಪು ನ್ಯೂಟ್ರಲ್ ಆಗಿತ್ತು; ಕಂದು ಮತ್ತು ನೀಲಿಗೆ ಬದಲಾವಣೆ 2004ರಲ್ಲಿ ಆರಂಭವಾಗಿ 2006ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಹೀಗಾಗಿ ಗೋಡೆಯಿಂದ ಬರುವ ತಂತಿಗಳು ಹಳೆಯ ಬಣ್ಣದವು, ವಾಲ್ವಿನ ತಂತಿಗಳು ಹೊಸ ಬಣ್ಣದವು. ಜೊತೆಗೆ ಥರ್ಮೋಸ್ಟಾಟಿಗೆ ಹೋಗಿ ಬರುವ ಕಡೆ ಕಪ್ಪು ತಂತಿಯನ್ನೂ ಲೈವ್ ಆಗಿ ಬಳಸಿದ್ದರು, ಗುರುತಿನ ಪಟ್ಟಿಯನ್ನೂ ಸುತ್ತಿರಲಿಲ್ಲ.

ಹಳೆಯ ತಲೆಯ ಎರಡು ತಿರುಪು ಸಡಿಲಿಸಿ ಎತ್ತಿದರೆ ಕೆಳಗೆ ವಾಲ್ವಿನ ಕಡ್ಡಿ ಕಾಣುತ್ತದೆ. ಅದನ್ನು ಇಕ್ಕಳದಲ್ಲಿ ಮೆಲ್ಲಗೆ ಹಿಡಿದು ತಿರುಗಿಸಿದೆ; ಎಲ್ಲೂ ಕಚ್ಚದೆ ನಯವಾಗಿ ಅತ್ತಿತ್ತ ಹೋಯಿತು. ಬುಡದಲ್ಲಿ ನೀರು ಒಸರಿದ ಹಸಿರು ಕಲೆಯೂ ಇರಲಿಲ್ಲ. ಈ ಕ್ಷಣದಲ್ಲಿ ಕಡ್ಡಿ ಬಿಗಿಯಾಗಿ ಕಂಡಿದ್ದರೆ ಹೊಸ ತಲೆಯನ್ನು ಹಾಕದೆ ಅಂಗಡಿಗೆ ಮರಳಿಸುತ್ತಿದ್ದೆ, ಏಕೆಂದರೆ ಬಿಗಿಯಾದ ಕಡ್ಡಿ ಹೊಸ ಮೋಟರನ್ನೂ ಬೇಗ ಕೊಲ್ಲುತ್ತದೆ. ಹೊಸ ತಲೆಯ ಹಿಡಿಯನ್ನು ಮೊದಲೇ ಕಚ್ಚಿಗೆ ಸಿಕ್ಕಿಸಿ, ಕಡ್ಡಿಯ ಚಪ್ಪಟೆ ಬದಿಗೆ ಹೊಂದಿಸಿ ಕೂರಿಸಿದೆ. ಹಾಗೆ ಮಾಡದಿದ್ದರೆ ಗಾಲಿಯ ತೂತಿಗೂ ಕಡ್ಡಿಗೂ ತಾಳೆಯಾಗುವುದಿಲ್ಲ. ಐದು ತಂತಿಗಳನ್ನು ಬರೆದುಕೊಂಡ ಸಂಖ್ಯೆಗಳಿಗೆ ಸೇರಿಸಿ, ಒಂದೊಂದನ್ನೂ ಎಳೆದು ನೋಡಿ, ಮುಚ್ಚಳ ಹಾಕಿದ ಮೇಲೆಯೇ ಫ್ಯೂಸ್ ಹಾಕಿದೆ.

ಪರೀಕ್ಷೆಯನ್ನು ಕೆಟ್ಟಾಗ ಮಾಡಿದ ಕ್ರಮದಲ್ಲೇ ಮಾಡಿದೆ. ಬಿಸಿನೀರು ಮಾತ್ರ ಹಾಕಿದಾಗ ‘ಬಿ’ ಬಿಸಿ, ‘ಎ’ ತಣ್ಣಗೆ. ಎರಡನ್ನೂ ಹಾಕಿದಾಗ ಮೋಟರಿನ ಸಣ್ಣ ಸದ್ದು ಕೆಲವು ಸೆಕೆಂಡು ಕೇಳಿ ನಿಂತಿತು, ‘ಎ’ ಕೊಳವೆಯ ಬಿಸಿ ಬೆರಳಿನ ಕೆಳಗೇ ಹರಿದುಬಂತು. ಬಿಸಿನೀರು ಆರಿಸಿದಾಗ ಮೋಟರ್ ಮತ್ತೆ ತಿರುಗಿತು, ಕಿತ್ತಳೆ ತಂತಿಗೆ ವಿದ್ಯುತ್ ಬಂತು, ಬಾಯ್ಲರ್ ಹೊತ್ತಿಕೊಂಡೇ ಉಳಿಯಿತು, ‘ಬಿ’ ಕೊಳವೆ ನಿಧಾನವಾಗಿ ತಣಿಯಿತು. ಥರ್ಮೋಸ್ಟಾಟನ್ನು ಕೆಳಗಿಳಿಸಿದಾಗ ಬಾಯ್ಲರ್ ಆರಿತು. ಸಂಜೆ ಐದರ ಹೊತ್ತಿಗೆ ನಡುಮನೆ 19 ಡಿಗ್ರಿ ತಲುಪಿತು, ಅತ್ತೆಯವರು ಮಗುವಿನ ಕೋಣೆಯ ವಿದ್ಯುತ್ ಹೀಟರನ್ನು ತಾವಾಗಿಯೇ ಆರಿಸಿದರು. ನಾಲ್ಕನೆಯ ದಿನಕ್ಕೆ ಗೊತ್ತಾಗಿದ್ದ ಭೇಟಿಯನ್ನು ಫೋನ್ ಮಾಡಿ ರದ್ದುಗೊಳಿಸಿದೆ. ಅದು ಚಳಿಯಲ್ಲಿರುವ ಇನ್ನೊಂದು ಮನೆಗೆ ಸಿಗಲಿ ಎಂದು.

ಹಳೆಯ ತಲೆಯನ್ನು ಮೇಜಿನ ಮೇಲೆ ಬಿಚ್ಚಿದಾಗ ಮೋಟರಿನ ಸುರುಳಿ ತುಂಡಾಗಿತ್ತು. ಸರಿಯಾದದ್ದು ಕೆಲವು ಸಾವಿರ ಓಮ್ ತೋರಿಸಬೇಕಾದಲ್ಲಿ ಮಾಪಕ ಏನನ್ನೂ ತೋರಿಸಲಿಲ್ಲ. ಈ ಅಳತೆಯನ್ನು ಮೋಟರಿನ ಎರಡು ತಂತಿಗಳನ್ನು ಬಿಡಿಸಿಯೇ ಮಾಡಬೇಕು. ಮೂರು ಬಾಯಿಯ ವಾಲ್ವಿನ ತಲೆಯಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡೂ ಅದನ್ನು ತಡೆಯುವ ರೆಸಿಸ್ಟರುಗಳೂ ಇರುವುದರಿಂದ ಹೊರಗಿನ ತಂತಿಗಳಲ್ಲಿ ಅಳೆದ ಓಮ್ ಸಂಖ್ಯೆಗೆ ಅರ್ಥವಿಲ್ಲ. ಆ ಡಯೋಡಿನ ಕೆಲಸ ಬಹಳ ಚೆನ್ನಾದದ್ದು: ವಾಲ್ವ್ ನಡುವಿನ ಸ್ಥಾನಕ್ಕೆ ಬಂದಾಗ ಮೋಟರಿಗೆ ಪೂರ್ಣ ಎಸಿ ಬದಲು ಅರ್ಧ ಅಲೆಯನ್ನಷ್ಟೇ ಕೊಟ್ಟು, ಮೋಟರ್ ಮುಂದೆ ತಿರುಗದಂತೆಯೂ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಎಳೆಯದಂತೆಯೂ ಅಲ್ಲಿಯೇ ಹಿಡಿದಿಡುತ್ತದೆ.

ಒಂದು ವಾರದ ನಂತರ ರಾತ್ರಿ ಹನ್ನೊಂದಕ್ಕೆ, ಹೀಟಿಂಗ್ ಮತ್ತು ಬಿಸಿನೀರು ಎರಡೂ ಆರಿದ್ದಾಗ, ಹೊಸ ತಲೆಯ ಮೇಲೆ ಕೈಯಿಟ್ಟರೆ ಅದು ಬೆಚ್ಚಗಿತ್ತು. ಮತ್ತೇನೋ ತಪ್ಪಾಯಿತೆಂದು ಮೊದಲು ಗಾಬರಿಯಾಯಿತು. ನಕ್ಷೆಯನ್ನು ಮತ್ತೆ ಹರಡಿ ನೋಡಿದಾಗ ಕಾರಣ ಸಿಕ್ಕಿತು. ಬಿಸಿನೀರು ಆರಿರುವಷ್ಟು ಹೊತ್ತೂ ಬೂದಿ ತಂತಿಗೆ ವಿದ್ಯುತ್ ಇರುತ್ತದೆ. ಹೀಟಿಂಗ್ ಆರಿದ ಮೇಲೂ ಆ ವಿದ್ಯುತ್ತು ವಾಲ್ವನ್ನು ‘ಎ’ ಕಡೆಯಲ್ಲೇ ಹಿಡಿದು ನಿಲ್ಲಿಸಿರುತ್ತದೆ, ಮುಂದೆ ಬಿಸಿನೀರಿಗೆ ಕರೆ ಬರುವವರೆಗೆ ಬಿಡುವುದಿಲ್ಲ. ಯಾರೂ ಏನನ್ನೂ ಕೇಳದ ನಡುರಾತ್ರಿಯಲ್ಲೂ ಈ ಪುಟ್ಟ ಮೋಟರ್ ಸ್ಪ್ರಿಂಗಿನ ಎದುರು ಒತ್ತಿ ಹಿಡಿದು ನಿಂತಿರುತ್ತದೆ, ವರ್ಷಗಟ್ಟಲೆ. ಹಳೆಯ ತಂತಿಗಳು ಕಂದಾಗಿದ್ದಕ್ಕೂ ಸುರುಳಿ ತುಂಡಾಗಿದ್ದಕ್ಕೂ ಆ ನಿರಂತರ ಶಾಖವೇ ಕಾರಣವೆಂದು ನನ್ನ ಅಂದಾಜು. ಬಿಡಿ ಮೋಟರ್ ಒಂದನ್ನು ತರಿಸಿ ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟಿದ್ದೇನೆ. ತಿರುಪಿನ ಸಂಖ್ಯೆ, ತಂತಿಯ ಬಣ್ಣ, ಅದರ ಕೆಲಸ ಬರೆದ ಹಾಳೆಯನ್ನು ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಅದರ ಮೊದಲ ಸಾಲಿನಲ್ಲಿ, ಪತ್ತೆ ಹಚ್ಚಲು ಶುರುಮಾಡುವ ಮುಂಚೆ ಇಮ್ಮರ್ಶನ್ ಸ್ವಿಚ್ ಆರಿದೆಯೇ ನೋಡಬೇಕು ಎಂದಿದೆ.